ನಿಮಗಿದು ಗೊತ್ತೇ? ನಂದೊಳ್ಳಿಯ ಅಂಗಳದಲ್ಲಿ ಆಕಾಶದ ಅಳತೆ

ಯಲ್ಲಾಪುರ ತಾಲೂಕಿನ ನಂದೊಳ್ಳಿಯಂಥ ಊರುಗಳಲ್ಲಿ ರಾತ್ರಿಗೆ ಇನ್ನೂ ಕತ್ತಲಿದೆ. ಪೇಟೆಯವರು ಗಂಟೆಗಟ್ಟಲೆ ಪ್ರಯಾಣ ಮಾಡಿ ಹುಡುಕುವ ಆಕಾಶ ಇಲ್ಲಿ ಜಗುಲಿಯಿಂದ ಕೆಳಗಿಳಿದರೆ ಸಿಗುತ್ತದೆ. ಹೀಗಿದ್ದೂ ಮನೆಗೆ ತಂದ ಟೆಲಿಸ್ಕೋಪು ಚಂದ್ರ, ಗುರು, ಶನಿಯನ್ನು ತೋರಿಸಿದ ಮೇಲೆ ಎಷ್ಟೋ ಕಡೆ ಅಟ್ಟ ಸೇರುತ್ತದೆ. ಕಣ್ಣಿಗೆ ಕಾಣದ್ದನ್ನು ಕೊಳವೆಗೆ ಸಿಕ್ಕಿಸುವುದು ಹೇಗೆಂದು ತಿಳಿಯದಿರುವುದೇ ಇದಕ್ಕೆ ಮುಖ್ಯ ಕಾರಣ. ಅದಕ್ಕೆ ಬೇಕಾದದ್ದು ದುಬಾರಿ ಮೋಟಾರಲ್ಲ, ಸರಿಯಾದ ಅಳತೆ. ಬಡಗಿಯ ಪೆಟ್ಟಿಗೆಯಲ್ಲಿರುವ ಡಿಜಿಟಲ್ ಲೆವೆಲ್ ಆ ಅಳತೆಯನ್ನು ಕೊಡಬಲ್ಲದು.

ಕೈಯಲ್ಲಿರುವ ಉಪಕರಣ

● ಡಿಜಿಟಲ್ ಲೆವೆಲ್, ಅಂದರೆ ಆ್ಯಂಗಲ್ ಗೇಜ್, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಗರಗಸದ ಅಲಗನ್ನು ಬೇಕಾದ ಕೋನಕ್ಕೆ ನಿಲ್ಲಿಸಲು ಬಡಗಿಗಳು ಇದನ್ನು ಬಳಸುತ್ತಾರೆ. ಗಾರೆಯವರ ರಸಮಟ್ಟ ‘ಮಟ್ಟ ಇದೆ, ಇಲ್ಲ’ ಎಂದಷ್ಟೇ ಹೇಳುತ್ತದೆ. ಡಿಜಿಟಲ್ ಲೆವೆಲ್ ‘ಎಷ್ಟು ಡಿಗ್ರಿ ವಾಲಿದೆ’ ಎಂದು ಅಂಕಿಯಲ್ಲಿ ತೋರಿಸುತ್ತದೆ.

● ಇದರ ಒಳಗೆ ನೀರೂ ಇಲ್ಲ, ಗುಳ್ಳೆಯೂ ಇಲ್ಲ. ಸಿಲಿಕಾನ್ ಚಿಪ್ಪಿನಲ್ಲಿ ಕೊರೆದ ಅತಿ ಸಣ್ಣ ತುಣುಕೊಂದು ಗುರುತ್ವದ ಸೆಳೆತಕ್ಕೆ ಕೂದಲೆಳೆಗಿಂತ ಕಡಿಮೆ ಜರುಗುತ್ತದೆ. ಆ ಜರುಗುವಿಕೆ ವಿದ್ಯುತ್ ಸಂಕೇತವಾಗಿ, ಕೊನೆಗೆ ಡಿಗ್ರಿಯಾಗಿ ಪರದೆಯ ಮೇಲೆ ಬರುತ್ತದೆ. ಮೊಬೈಲ್ ಅಡ್ಡ ಹಿಡಿದಾಗ ಚಿತ್ರ ತಿರುಗುವುದೂ ಇದೇ ಬಗೆಯ ಸಂವೇದಕದಿಂದ.

● ಸಾಮಾನ್ಯ ಗೇಜು 0.1 ಡಿಗ್ರಿಯವರೆಗೆ ಅಂಕಿ ತೋರಿಸುತ್ತದೆ, ನಂಬಬಹುದಾದದ್ದು 0.2 ಡಿಗ್ರಿಯವರೆಗೆ. ಆಕಾಶದಲ್ಲಿ ಹುಣ್ಣಿಮೆಯ ಚಂದ್ರನ ಅಗಲ 0.5 ಡಿಗ್ರಿ. ಅಂದರೆ ಗೇಜಿನ ತಪ್ಪು ಚಂದ್ರನ ಅಗಲದ ಅರ್ಧವನ್ನೂ ದಾಟುವುದಿಲ್ಲ.

● ಅಷ್ಟು ನಿಖರತೆ ಸಾಕೇ? ಸಾಕು. 1200 ಮಿಲಿಮೀಟರ್ ನಾಭಿದೂರದ ಟೆಲಿಸ್ಕೋಪಿಗೆ 25 ಮಿಲಿಮೀಟರ್ ಐಪೀಸ್ ಹಾಕಿದರೆ 48 ಪಟ್ಟು ವರ್ಧನೆ. ಆಗ ಒಮ್ಮೆಗೆ ಸುಮಾರು 1 ಡಿಗ್ರಿ ಅಗಲದ ಆಕಾಶ ಕಾಣುತ್ತದೆ. 0.2 ಡಿಗ್ರಿ ಅತ್ತಿತ್ತ ಆದರೂ ಹುಡುಕುವ ಕಾಯ ಆ ವೃತ್ತದೊಳಗೇ ಇರುತ್ತದೆ.

● ಗೇಜು ಸರಿಯಿದೆಯೇ ಎಂದು ನೋಡಲು ಅಂಗಡಿಗೆ ಹೋಗಬೇಕಿಲ್ಲ. ಮೇಜಿನ ಮೇಲಿಟ್ಟು ಓದಿ, ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿ ಮತ್ತೆ ಓದಿ. ಮೊದಲು +0.6 ಬಂದರೆ ಆಮೇಲೆ −0.6 ಬರಬೇಕು. −0.2 ಬಂದರೆ ಎರಡನ್ನೂ ಕೂಡಿಸಿ ಅರ್ಧ ಮಾಡಿ: ಗೇಜಿನ ದೋಷ 0.2 ಡಿಗ್ರಿ, ಮೇಜಿನ ನಿಜವಾದ ಓರೆ 0.4 ಡಿಗ್ರಿ.

● ಗೇಜಿನ ತಳದಲ್ಲಿ ಅಯಸ್ಕಾಂತ ಇರುತ್ತದೆ. ತೆಳು ಉಕ್ಕಿನ ಕೊಳವೆಗೆ ಅದು ತಾನಾಗಿ ಅಂಟುತ್ತದೆ. ಅಲ್ಯೂಮಿನಿಯಂ, ಪಿವಿಸಿ, ಕಾಗದದ ಕೊಳವೆಗೆ ಅಂಟುವುದಿಲ್ಲ. ಅಂಥದಕ್ಕೆ ಚಪ್ಪಟೆಯಾದ ಸಣ್ಣ ಕಬ್ಬಿಣದ ಪಟ್ಟಿಯೊಂದನ್ನು ಕೊಳವೆಯ ಉದ್ದಕ್ಕೆ ನೇರವಾಗಿ ಅಂಟಿಸಿಕೊಂಡರೆ ಕೆಲಸ ಮುಗಿಯಿತು. ಪ್ರತಿ ರಾತ್ರಿ ಅದೇ ಜಾಗದಲ್ಲಿ ಗೇಜು ಇಡಲೂ ಅನುಕೂಲ.

● ಅದೇ ಅಯಸ್ಕಾಂತ ದಿಕ್ಸೂಚಿಗೆ ಶತ್ರು. ಮೊಬೈಲಿನಲ್ಲಿ ಉತ್ತರ ಹುಡುಕುವಾಗ ಗೇಜನ್ನೂ ಕಬ್ಬಿಣದ ಟ್ರೈಪಾಡನ್ನೂ ಕೆಲವು ಮಾರು ದೂರವಿಡಿ.

● ಗೇಜಿನ ಸೊನ್ನೆ ಗುಂಡಿ ಒತ್ತಿದರೆ ಆಗ ಇರುವ ಓರೆಯನ್ನೇ ಅದು ಸೊನ್ನೆ ಎಂದುಕೊಳ್ಳುತ್ತದೆ. ಎರಡು ಮೈಗಳ ನಡುವಿನ ವ್ಯತ್ಯಾಸ ನೋಡಲು ಇದು ಒಳ್ಳೆಯದು. ಎತ್ತರ ಅಳೆಯುವಾಗ ಮಾತ್ರ ಗುರುತ್ವಕ್ಕೆ ಹೊಂದಿದ ನಿಜವಾದ ಸೊನ್ನೆಯಲ್ಲೇ ಇರಬೇಕು.

ಅಂಗಳ ಮಟ್ಟವಲ್ಲ

● ಮಲೆನಾಡಿನ ಅಂಗಳ ಕಣ್ಣಿಗೆ ಮಟ್ಟವಾಗಿ ಕಂಡರೂ ಮಟ್ಟವಲ್ಲ. ಮಳೆಗಾಲದ ನೀರು ಹರಿದು ಹೋಗಲೆಂದೇ ಅದಕ್ಕೆ ಒಂದು ಕಡೆ ಇಳಿಜಾರು ಕೊಟ್ಟಿರುತ್ತಾರೆ. ಟ್ರೈಪಾಡ್ ಇಟ್ಟ ಕೂಡಲೇ ಅದು ಆ ಕಡೆಗೆ ವಾಲುತ್ತದೆ.

● ಒಂದು ಮೀಟರ್ ಉದ್ದಕ್ಕೆ 17.5 ಮಿಲಿಮೀಟರ್ ಏರಿದರೆ 1 ಡಿಗ್ರಿ. 0.1 ಡಿಗ್ರಿ ಎಂದರೆ ಮೀಟರಿಗೆ 2 ಮಿಲಿಮೀಟರಿಗೂ ಕಡಿಮೆ. ಎಷ್ಟು ದಪ್ಪದ ಹಲಗೆ ಚೂರನ್ನು ಕಾಲಡಿಗೆ ಕೊಡಬೇಕೆಂದು ಈ ಲೆಕ್ಕವೇ ಹೇಳುತ್ತದೆ.

● ಟ್ರೈಪಾಡಿಗೆ ಮೂರು ಕಾಲಿದ್ದರೂ ಮಟ್ಟ ನೋಡಬೇಕಾದದ್ದು ಎರಡು ದಿಕ್ಕಿನಲ್ಲಿ. ಮೊದಲು ಎರಡು ಕಾಲುಗಳ ನೇರಕ್ಕೆ ಗೇಜು ಇಟ್ಟು ಸೊನ್ನೆಗೆ ತನ್ನಿ. ಆಮೇಲೆ ಅದಕ್ಕೆ ಅಡ್ಡಲಾಗಿ ಇಟ್ಟು ಮೂರನೆಯ ಕಾಲನ್ನು ಮಾತ್ರ ಏರಿಳಿಸಿ. ಮೂರೂ ಕಾಲುಗಳನ್ನು ಒಟ್ಟಿಗೆ ಹಿಡಿದರೆ ಕೆಲಸ ಮುಗಿಯುವುದೇ ಇಲ್ಲ.

● ಅಡಿಕೆ ಕೊಯ್ಲಿನ ಹೊತ್ತಿಗೆ ಅಂಗಳದ ಮೇಲೆ ಚಪ್ಪರ ಏಳುತ್ತದೆ, ಆಕಾಶಕ್ಕೆ ಜಾಗ ಇರುವುದಿಲ್ಲ. ಆಗ ಕೊಯ್ದ ಭತ್ತದ ಗದ್ದೆ ಒಳ್ಳೆಯ ವೀಕ್ಷಣಾಲಯ. ಮಣ್ಣು ಮೆದುವಾದ್ದರಿಂದ ಟ್ರೈಪಾಡಿನ ಕಾಲು ನಿಧಾನವಾಗಿ ಇಳಿಯುತ್ತದೆ. ಕಾಲಡಿಗೆ ಚಪ್ಪಡಿ ಚೂರು ಕೊಟ್ಟು, ನಡುನಡುವೆ ಗೇಜಿನಲ್ಲಿ ಮತ್ತೆ ನೋಡಬೇಕು.

● ತಳಪೀಠದ ಮೇಲೆ ಮೇಲಕ್ಕೂ ಅಡ್ಡಕ್ಕೂ ತಿರುಗುವ ಡಾಬ್ಸೋನಿಯನ್ ಟೆಲಿಸ್ಕೋಪಿನಲ್ಲಿ ಎತ್ತರ ಅಳೆಯಲು ತಳದ ಮಟ್ಟ ಕಡ್ಡಾಯವಲ್ಲ. ಗೇಜನ್ನು ಕೊಳವೆಯ ಮೇಲೆಯೇ ಇಟ್ಟರೆ ಅದು ಅಳೆಯುವುದು ಗುರುತ್ವಕ್ಕೆ ಎದುರಾದ ಕೋನವನ್ನು. ತಳಪೀಠ ಎಷ್ಟೇ ವಾಲಿರಲಿ, ಎತ್ತರದ ಅಂಕಿ ತಪ್ಪುವುದಿಲ್ಲ. ತಪ್ಪುವುದು ದಿಕ್ಕಿನ ಅಂಕಿ ಮಾತ್ರ.

● ಆ ದಿಕ್ಕಿನ ತಪ್ಪು ಎತ್ತರಕ್ಕೆ ಹೋದಂತೆ ಬೆಳೆಯುತ್ತದೆ. ತಳ 1 ಡಿಗ್ರಿ ವಾಲಿದ್ದರೆ 45 ಡಿಗ್ರಿ ಎತ್ತರದಲ್ಲಿ ದಿಕ್ಕು ಹೆಚ್ಚೆಂದರೆ 1 ಡಿಗ್ರಿ ತಪ್ಪುತ್ತದೆ. 80 ಡಿಗ್ರಿ ಎತ್ತರದಲ್ಲಿ ಅದೇ ತಪ್ಪು 5 ಡಿಗ್ರಿಯನ್ನು ಮೀರುತ್ತದೆ. ಮಹಾವ್ಯಾಧ ನಕ್ಷತ್ರಪುಂಜ ನಮ್ಮ ನೆತ್ತಿಯ ಸಮೀಪವೇ ಹಾದು ಹೋಗುವುದರಿಂದ ತಳದ ಮಟ್ಟ ನಮಗೆ ಮುಖ್ಯ.

● ಡಾಬ್ಸೋನಿಯನ್‌ಗೆ ಹೆಸರು ಬಂದದ್ದು ಜಾನ್ ಡಾಬ್ಸನ್ ಅವರಿಂದ (1915–2014). ಬೀಜಿಂಗ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಅವರು ಕಡಿಮೆ ಖರ್ಚಿನ ಸಾಮಗ್ರಿಗಳಿಂದ ಟೆಲಿಸ್ಕೋಪ್ ಕಟ್ಟಿ, ಸ್ಯಾನ್‌ಫ್ರಾನ್ಸಿಸ್ಕೋದ ಬೀದಿಬದಿಯಲ್ಲಿ ನಿಂತು ದಾರಿಹೋಕರಿಗೆ ಆಕಾಶ ತೋರಿಸಿದರು. 1968ರಲ್ಲಿ ಅದಕ್ಕೆಂದೇ ಒಂದು ಬಳಗ ಕಟ್ಟಿದರು.

ಧ್ರುವನ ಎತ್ತರವೇ ಊರಿನ ಅಕ್ಷಾಂಶ

● ಈ ಅಂಕಣದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ: ನಿಮ್ಮ ಊರಿನ ಅಕ್ಷಾಂಶ ಎಷ್ಟೋ, ಆಕಾಶದ ಉತ್ತರ ಧ್ರುವ ನಿಮ್ಮ ದಿಗಂತದಿಂದ ಅಷ್ಟೇ ಡಿಗ್ರಿ ಎತ್ತರದಲ್ಲಿರುತ್ತದೆ. ನಂದೊಳ್ಳಿಯಲ್ಲಿ ಅದು ಸುಮಾರು 15 ಡಿಗ್ರಿ. ಚಾಚಿದ ತೋಳಿನ ತುದಿಯ ಮುಷ್ಟಿ ಸುಮಾರು 10 ಡಿಗ್ರಿ ಮುಚ್ಚುತ್ತದೆ. ದಿಗಂತದ ಮೇಲೆ ಒಂದೂವರೆ ಮುಷ್ಟಿ ಏರಿದರೆ ಧ್ರುವ.

● ಶಿರಸಿಯ ಅಕ್ಷಾಂಶ ಸುಮಾರು 14.6 ಡಿಗ್ರಿ, ಸಿದ್ದಾಪುರದ್ದು 14.3. ಸಿದ್ದಾಪುರದ ನೆಂಟರ ಮನೆಗೆ ಟೆಲಿಸ್ಕೋಪು ಒಯ್ದರೆ ಧ್ರುವ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಕೆಳಗಿಳಿದಿರುತ್ತದೆ, ಅಂದರೆ ಒಂದು ಚಂದ್ರನ ಅಗಲದಷ್ಟು. ಗೇಜು ಈ ವ್ಯತ್ಯಾಸವನ್ನು ಹಿಡಿಯುತ್ತದೆ.

● ಧ್ರುವನಕ್ಷತ್ರ ಆಕಾಶದ ಧ್ರುವದಲ್ಲಿಯೇ ಇಲ್ಲ. ಈಗ ಅದು ಅಲ್ಲಿಂದ 0.6 ಡಿಗ್ರಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿದ್ದು, ದಿನಕ್ಕೊಮ್ಮೆ ಧ್ರುವವನ್ನು ಸಣ್ಣ ವೃತ್ತದಲ್ಲಿ ಸುತ್ತುತ್ತದೆ.

● ಹದಿನೈದು ಮೀಟರ್ ಎತ್ತರದ ಅಡಿಕೆ ಮರ ಉತ್ತರಕ್ಕೆ ಸುಮಾರು 50 ಮೀಟರ್ ಒಳಗಿದ್ದರೆ ಧ್ರುವನಕ್ಷತ್ರ ಮರೆಯಾಗುತ್ತದೆ. ತೋಟದ ಅಂಚಿನ ಮನೆಗಳಲ್ಲಿ ಇದು ಸಾಮಾನ್ಯ. ಟೆಲಿಸ್ಕೋಪಿನ ಜತೆ ಬರುವ ಕೈಪಿಡಿ ‘ಧ್ರುವನಕ್ಷತ್ರಕ್ಕೆ ಗುರಿಯಿಡಿ’ ಎನ್ನುತ್ತದೆ. ನಕ್ಷತ್ರವೇ ಕಾಣದಿದ್ದರೆ ಏನು ಮಾಡುವುದು? ಗೇಜಿಗೆ ನಕ್ಷತ್ರ ಕಾಣಬೇಕಿಲ್ಲ. ಈಕ್ವಟೋರಿಯಲ್ ಮೌಂಟಿನ ಧ್ರುವಾಕ್ಷಕ್ಕೆ, ಅಂದರೆ ಆಕಾಶದ ಧ್ರುವದತ್ತ ಗುರಿಯಿಡಬೇಕಾದ ಅಕ್ಷಕ್ಕೆ, ಸಮಾನಾಂತರವಾಗಿ ಗೇಜು ಇಟ್ಟು, ಮೊಬೈಲ್ ತೋರಿಸುವ ನಿಮ್ಮ ಅಕ್ಷಾಂಶದ ಅಂಕಿ ಬರುವವರೆಗೆ ತಿರುಪು ತಿರುಗಿಸಿ. ಮೋಡ ಕವಿದ ಸಂಜೆಯಲ್ಲೂ ಈ ಕೆಲಸ ಆಗುತ್ತದೆ.

● ಇಷ್ಟಾದರೂ ಧ್ರುವಾಕ್ಷ 1 ಡಿಗ್ರಿ ತಪ್ಪಿತೆಂದಿಟ್ಟುಕೊಳ್ಳಿ. ಒಂದು ಗಂಟೆಯಲ್ಲಿ ನಕ್ಷತ್ರ ಹೆಚ್ಚೆಂದರೆ ಕಾಲು ಡಿಗ್ರಿ ಜಾರುತ್ತದೆ. ಕಣ್ಣಿನಿಂದ ನೋಡುವವರಿಗೆ ಇದು ತೊಂದರೆಯೇ ಅಲ್ಲ. ಕ್ಯಾಮೆರಾ ಹಚ್ಚಿ ದೀರ್ಘ ಚಿತ್ರ ತೆಗೆಯುವವರು ಮಾತ್ರ ಮುಂದೆ ಇನ್ನಷ್ಟು ತಿದ್ದಬೇಕು.

● ಮೌಂಟೇ ಇಲ್ಲದೆ ಕೊಳವೆಯನ್ನು ಕದಲದಂತೆ ಬಿಟ್ಟರೆ? ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಚಂದ್ರ ತನ್ನ ಅಗಲದಷ್ಟು ದೂರವನ್ನು ಎರಡೇ ನಿಮಿಷದಲ್ಲಿ ಸರಿಯುತ್ತದೆ.

● ಕಡಿಮೆ ಅಕ್ಷಾಂಶದವರಿಗೆ ಒಂದು ವಿಶೇಷ ತೊಂದರೆ ಇದೆ. ಹಲವು ಮೌಂಟುಗಳನ್ನು ಯುರೋಪ್, ಅಮೆರಿಕದ 40–50 ಡಿಗ್ರಿಯನ್ನು ಮನಸ್ಸಿನಲ್ಲಿಟ್ಟು ಮಾಡಿರುತ್ತಾರೆ. 15 ಡಿಗ್ರಿಗೆ ಬಗ್ಗಿಸಿದಾಗ ಪ್ರತಿತೂಕದ ಸರಳು ಟ್ರೈಪಾಡಿನ ಕಾಲಿಗೆ ತಾಗಬಹುದು. ಕೊಳ್ಳುವ ಮೊದಲೇ ಅಂಗಡಿಯಲ್ಲಿ 15ಕ್ಕೆ ಇಳಿಸಿ, ಸರಳನ್ನು ಪೂರ್ತಿ ಸುತ್ತಿಸಿ ನೋಡಿ.

● ಜೈಪುರದ ಜಂತರ್ ಮಂತರಿನ ಸಮ್ರಾಟ್ ಯಂತ್ರ ಎಂಬ ನೆರಳುಗಡಿಯಾರದ ಇಳಿಜಾರು ಗೋಡೆಯ ಕೋನ 27 ಡಿಗ್ರಿ. ಜೈಪುರದ ಅಕ್ಷಾಂಶವೂ ಅಷ್ಟೇ. 27 ಮೀಟರ್ ಎತ್ತರದ ಆ ಗೋಡೆಯ ಅಂಚು ನೇರವಾಗಿ ಆಕಾಶದ ಧ್ರುವಕ್ಕೆ ಗುರಿಯಿಟ್ಟಿದೆ. ಅದೇ ಯಂತ್ರವನ್ನು ನಂದೊಳ್ಳಿಯಲ್ಲಿ ಕಟ್ಟುವುದಾದರೆ ಇಳಿಜಾರು 15 ಡಿಗ್ರಿ ಇರಬೇಕಾಗುತ್ತಿತ್ತು.

ಬಿಸಿಲಿನಲ್ಲಿ ಉತ್ತರ ಹುಡುಕುವುದು

● ಎತ್ತರಕ್ಕೆ ಗೇಜು ಸಾಕು, ದಿಕ್ಕಿಗೆ ಉತ್ತರ ಬೇಕು. ನಮ್ಮ ಭಾಗದಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರ ಒಂದೆರಡು ಡಿಗ್ರಿಯೊಳಗೆ. ಇನ್ನೂ ನಿಖರವಾದ ದಾರಿ ನೆರಳು.

● ಅಂಗಳದಲ್ಲಿ ಒಂದು ಕೋಲನ್ನು ಗೇಜಿನಲ್ಲಿ ಎರಡು ಬದಿಯಿಂದಲೂ 90.0 ಬರುವಂತೆ ನೆಡಿ. ಸೂರ್ಯ ನಡುಹಗಲಿನ ರೇಖೆ ದಾಟುವ ಗಳಿಗೆಯಲ್ಲಿ ಅದರ ನೆರಳು ನಿಜವಾದ ಉತ್ತರ–ದಕ್ಷಿಣಕ್ಕೆ ಬೀಳುತ್ತದೆ. ನೆರಳಿನ ಮೇಲೆ ಗೆರೆ ಎಳೆದಿಟ್ಟರೆ ವರ್ಷವಿಡೀ ಕೆಲಸಕ್ಕೆ ಬರುತ್ತದೆ.

● ಆ ಗಳಿಗೆ ಗಡಿಯಾರದ 12 ಗಂಟೆಯಲ್ಲ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ನಂದೊಳ್ಳಿ ಸುಮಾರು 74.7ರಲ್ಲಿದೆ. ಹಾಗಾಗಿ ನಮ್ಮ ನಡುಹಗಲು ಸರಾಸರಿ 31 ನಿಮಿಷ ತಡ. ನವೆಂಬರ್ ಮೊದಲಲ್ಲಿ ಅದು 12.15ರ ಹೊತ್ತಿಗೆ, ಫೆಬ್ರವರಿ ನಡುವಿನಲ್ಲಿ 12.45ರ ಹೊತ್ತಿಗೆ ಬರುತ್ತದೆ.

● ಗಡಿಯಾರವೇ ಬೇಡದ ಹಳೆಯ ವಿಧಾನವೂ ಉಂಟು. ನೆಟ್ಟ ಕೋಲಿನ, ಅಂದರೆ ಶಂಕುವಿನ, ಸುತ್ತ ವೃತ್ತ ಬರೆದು, ಬೆಳಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟುವ ಜಾಗವನ್ನೂ ಮಧ್ಯಾಹ್ನದ ಮೇಲೆ ಮುಟ್ಟುವ ಜಾಗವನ್ನೂ ಗುರುತಿಸಿ. ಎರಡನ್ನೂ ಸೇರಿಸುವ ಗೆರೆ ಪೂರ್ವ–ಪಶ್ಚಿಮ. ಯಜ್ಞವೇದಿಯ ಅಳತೆ ಹೇಳುವ ಶುಲ್ಬಸೂತ್ರಗಳ ಕಾಲದಿಂದ ಬಂದ ಈ ವಿಧಾನಕ್ಕೆ ಬೇಕಾದದ್ದು ಎರಡೇ: ಮಟ್ಟವಾದ ನೆಲ, ನೆಟ್ಟಗಿನ ಶಂಕು.

● ನಂದೊಳ್ಳಿಯಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ನೆತ್ತಿಯ ಮೇಲೆಯೇ ಬಂದು ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ: ಮೇ 1ರ ಆಸುಪಾಸು ಮತ್ತು ಆಗಸ್ಟ್ 12ರ ಆಸುಪಾಸು. ಆಗಸ್ಟಿನಲ್ಲಿ ಮಳೆಯ ಕಾಟ. ಮೇ ತಿಂಗಳದ್ದನ್ನು ಶಾಲೆಯ ಮಕ್ಕಳಿಗೆ ತಪ್ಪದೆ ತೋರಿಸಬೇಕು. ಮಧ್ಯಾಹ್ನ 12.30ರ ಸುಮಾರಿಗೆ ಕೋಲಿನ ಬುಡದಲ್ಲಿ ನೋಡಿ.

● ಎಚ್ಚರಿಕೆ: ಟೆಲಿಸ್ಕೋಪಿನ ಬಾಯಿಗೆ ಸೌರಶೋಧಕ ಹಾಕದೆ ಅದನ್ನು ಸೂರ್ಯನ ಕಡೆ ತಿರುಗಿಸಲೇಬೇಡಿ. ಒಂದು ಕ್ಷಣದಲ್ಲಿ ಕಣ್ಣು ಹೋಗುತ್ತದೆ.

ಕತ್ತಲಲ್ಲಿ ಗುರಿ

● ಕೊಳವೆಯ ಹೊರಮೈಗೂ ಒಳಗಿನ ಬೆಳಕಿನ ದಾರಿಗೂ ಸ್ವಲ್ಪ ಓರೆ ಇರುವುದು ಸಹಜ. ಅದನ್ನು ಕಳೆಯಲು ಮೊದಲು ಲುಬ್ಧಕದಂಥ ಪ್ರಕಾಶಮಾನ ನಕ್ಷತ್ರವನ್ನು ಐಪೀಸಿನ ನಡುವೆ ತನ್ನಿ. ಮೊಬೈಲಿನಲ್ಲಿ ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್ ಅದರ ಎತ್ತರ 50.0 ಎನ್ನುತ್ತಿದ್ದು ಗೇಜು 50.6 ತೋರಿಸಿದರೆ, ಆ ರಾತ್ರಿಯಿಡೀ 0.6 ಕಳೆಯುತ್ತಾ ಹೋಗಿ.

● ಆಮೇಲೆ ಗುರಿ ಸುಲಭ. ಆ್ಯಪಿನಲ್ಲಿ ಕಾಯದ ಎತ್ತರ ಮತ್ತು ದಿಕ್ಕು ನೋಡಿ, ಗೇಜಿನಲ್ಲಿ ಎತ್ತರ ಕೂಡಿಸಿ, ಕೊಳವೆಯನ್ನು ಅಡ್ಡಕ್ಕೆ ಮೆಲ್ಲನೆ ತಿರುಗಿಸಿ. ಎತ್ತರ ಸರಿಯಿದ್ದರೆ ಹುಡುಕಾಟ ಒಂದೇ ಗೆರೆಯ ಮೇಲೆ ನಡೆಯುತ್ತದೆ. ಕಾಯದ ಎತ್ತರ ನಿಮಿಷ ನಿಮಿಷಕ್ಕೂ ಬದಲಾಗುವುದರಿಂದ ಹಳೆಯ ಅಂಕಿ ಬಳಸಬೇಡಿ.

● ಒಮೇಗಾ ಸೆಂಟಾರಿ ಲಕ್ಷಗಟ್ಟಲೆ ನಕ್ಷತ್ರಗಳ ಗೋಳಗುಚ್ಛ. ಲಂಡನ್ನಿನಲ್ಲಿ ಅದು ಹುಟ್ಟುವುದೇ ಇಲ್ಲ. ನಂದೊಳ್ಳಿಯಲ್ಲಿ ಮೇ ಮೊದಲ ವಾರ ರಾತ್ರಿ 11ರ ಸುಮಾರಿಗೆ ನೇರ ದಕ್ಷಿಣಕ್ಕೆ, 27 ಡಿಗ್ರಿಯ ಮೇಲೆ ನಿಂತಿರುತ್ತದೆ. ಅದಕ್ಕೂ ಸುಮಾರು ಒಂದು ಗಂಟೆ ಮೊದಲು ತ್ರಿಶಂಕು ನಕ್ಷತ್ರಪುಂಜ ಅದೇ ರೇಖೆಯನ್ನು ದಾಟುತ್ತದೆ, ಅದರ ಬುಡದ ನಕ್ಷತ್ರ 12 ಡಿಗ್ರಿಯಲ್ಲಿ. ಧ್ರುವನಕ್ಷತ್ರವನ್ನೂ ತ್ರಿಶಂಕುವನ್ನೂ ಒಂದೇ ಊರಿನಿಂದ ನೋಡುವ ಭಾಗ್ಯ ಯುರೋಪಿಗೆ ಇಲ್ಲ.

● ಅಗಸ್ತ್ಯ ನಕ್ಷತ್ರ ನಮ್ಮಲ್ಲಿ ಹೆಚ್ಚೆಂದರೆ 22 ಡಿಗ್ರಿ ಏರುತ್ತದೆ. ಆಂಡ್ರೋಮೆಡಾ ಗೆಲಾಕ್ಸಿ ಉತ್ತರಕ್ಕೆ ಸುಮಾರು 64 ಡಿಗ್ರಿಯವರೆಗೆ ಬರುತ್ತದೆ. ಅಲ್ಲಿಂದ ನಿಮ್ಮ ಕಣ್ಣಿಗೆ ಬೀಳುವ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷ ಆಗಿದೆ.

● ದಿಗಂತದಲ್ಲಿ ಕಾಣುವ ನಕ್ಷತ್ರವನ್ನು ವಾಯುಮಂಡಲ ಅರ್ಧ ಡಿಗ್ರಿಗೂ ಹೆಚ್ಚು ಮೇಲೆತ್ತಿ ತೋರಿಸುತ್ತದೆ. 15 ಡಿಗ್ರಿ ಎತ್ತರಕ್ಕೆ ಬಂದರೆ ಆ ಮೋಸ 0.1 ಡಿಗ್ರಿಗೂ ಕಡಿಮೆ. ಗೇಜಿಗೆ ಅದು ಗೊತ್ತೇ ಆಗುವುದಿಲ್ಲ.

● ಡಿಸೆಂಬರ್–ಜನವರಿಯ ಇಬ್ಬನಿ ಮಸೂರವನ್ನು ಮಂಜಾಗಿಸುತ್ತದೆ. ಕೊಳವೆಯ ಬಾಯಿಗೆ ದಪ್ಪ ಕಾಗದವನ್ನು ಸುತ್ತಿ ಮುಂದಕ್ಕೆ ಚಾಚಿದರೆ ಹೆಚ್ಚು ಹೊತ್ತು ನೋಡಬಹುದು. ಗೇಜಿನ ಪರದೆಯ ಬೆಳಕಿಗೆ ಕೆಂಪು ಪ್ಲಾಸ್ಟಿಕ್ ಅಂಟಿಸಿ, ಕತ್ತಲಿಗೆ ಒಗ್ಗಿದ ಕಣ್ಣು ಉಳಿಯುತ್ತದೆ.

ಮಟ್ಟ ನೋಡಿದ ಹಿರಿಯರು

● ನೆಲದ ಮಟ್ಟವನ್ನು ನೀರಿನಿಂದಲೂ, ನೆಟ್ಟಗಿನ ರೇಖೆಯನ್ನು ತೂಗುಗುಂಡಿನಿಂದಲೂ ಸಾಧಿಸಬೇಕೆಂದು ಆರ್ಯಭಟ ಕ್ರಿ.ಶ. 499ರ ‘ಆರ್ಯಭಟೀಯ’ದ ಗಣಿತಪಾದದಲ್ಲಿ ಹೇಳಿದ್ದಾನೆ. ಗುಳ್ಳೆಯ ರಸಮಟ್ಟವನ್ನು ಫ್ರಾನ್ಸಿನ ಮೆಲ್ಕಿಸೆಡೆಕ್ ತೆವೆನೋ ರೂಪಿಸಿದ್ದು ಅದಾಗಿ ಸಾವಿರ ವರ್ಷಕ್ಕೂ ಹೆಚ್ಚು ಕಾಲದ ಮೇಲೆ, 1661ರ ಸುಮಾರಿಗೆ.

● 1800ರಲ್ಲಿ ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಅಗರದಿಂದ ಬಾಣಸವಾಡಿಯ ಕಡೆಗೆ ಸುಮಾರು 12 ಕಿಲೋಮೀಟರ್ ಉದ್ದದ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದ. ಊರುಗಳ ಅಕ್ಷಾಂಶಕ್ಕೆ ಅವನು ನೋಡಿದ್ದು ನೆತ್ತಿಯ ಬಳಿಯ ನಕ್ಷತ್ರಗಳನ್ನು. ಭಾರತದ ಮಹಾ ತ್ರಿಕೋನಮಿತಿ ಸರ್ವೇ ಬೆಳೆದದ್ದು ಈ ಕೆಲಸದಿಂದ.

● ದೊಡ್ಡ ಬೆಟ್ಟಗಳು ತೂಗುಗುಂಡನ್ನು ತಮ್ಮ ಕಡೆ ಎಳೆಯುತ್ತವೆ. ಅದೇ ಸರ್ವೇಯಲ್ಲಿ ಉತ್ತರ ಭಾರತದ ಕಲಿಯಾನಾ ಮತ್ತು ಮಧ್ಯ ಭಾರತದ ಕಲ್ಯಾಣಪುರದ ನಡುವೆ ನಕ್ಷತ್ರದ ಅಳತೆಗೂ ನೆಲದ ಅಳತೆಗೂ ಸುಮಾರು 5 ವಿಕಲೆ ವ್ಯತ್ಯಾಸ ಬಂತು. ಹಿಮಾಲಯದ ಎಳೆತದ ಲೆಕ್ಕ ಹಾಕಿದಾಗ, ಬೆಟ್ಟಗಳ ಅಡಿಯಲ್ಲಿ ಹಗುರ ಶಿಲೆ ಇದೆಯೆಂಬ ತಿಳಿವಳಿಕೆಗೆ ಅದು ದಾರಿಯಾಯಿತು. ಒಂದು ವಿಕಲೆ ಎಂದರೆ ಡಿಗ್ರಿಯ 3600ನೆಯ ಪಾಲು. ನಮ್ಮ ಸಹ್ಯಾದ್ರಿಯ ಎಳೆತ ನಿಮ್ಮ ಗೇಜನ್ನು ತಪ್ಪಿಸಲಾರದು.

● ತಮಿಳುನಾಡಿನ ಕಾವಲೂರಿನಲ್ಲಿ 2.3 ಮೀಟರ್ ಕನ್ನಡಿಯ ವೇಣು ಬಾಪು ಟೆಲಿಸ್ಕೋಪನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಅದರ ಧ್ರುವಾಕ್ಷವೂ ಕಾವಲೂರಿನ ಅಕ್ಷಾಂಶದಂತೆ ಸುಮಾರು 12.5 ಡಿಗ್ರಿ ವಾಲಿದೆ. ದೊಡ್ಡದಕ್ಕೂ ಮನೆಯದಕ್ಕೂ ನಿಯಮ ಒಂದೇ.

 

● 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ–3ರ ವಿಕ್ರಮ್ ಲ್ಯಾಂಡರಿನ ಸಂವೇದಕಗಳ ಪಟ್ಟಿಯಲ್ಲಿ ಓರೆಮಾಪಕವೂ ಇತ್ತು. ನಿಂತ ನೆಲ ಎಷ್ಟು ವಾಲಿದೆ ಎಂಬುದು ಅಲ್ಲಿಯೂ ಕೇಳಲೇಬೇಕಾದ ಪ್ರಶ್ನೆ.

ಮಾಡಿ ನೋಡಿ: ಅಂಗಳದಿಂದ ಭೂಮಿಯ ಸುತ್ತಳತೆ

● ನಂದೊಳ್ಳಿಯಲ್ಲಿ ನೀವು, ಬೆಂಗಳೂರಿನಲ್ಲಿ ನಿಮ್ಮ ಮನೆಯವರೊಬ್ಬರು, ಒಂದೇ ರಾತ್ರಿ ಒಂದೇ ಹೊತ್ತಿಗೆ ಧ್ರುವನಕ್ಷತ್ರದ ಎತ್ತರ ಅಳೆಯಿರಿ. ಟೆಲಿಸ್ಕೋಪು ಇಲ್ಲದವರು ನೇರ ಪೈಪಿಗೆ ಗೇಜು ಕಟ್ಟಿ ಅದರೊಳಗಿಂದ ನೋಡಿದರೂ ಆಯಿತು. ವ್ಯತ್ಯಾಸ ಸುಮಾರು 1.9 ಡಿಗ್ರಿ ಬರಬೇಕು. ಎರಡೂ ಊರುಗಳ ನಡುವೆ ನೇರ ಉತ್ತರ–ದಕ್ಷಿಣ ಅಂತರ ಸುಮಾರು 210 ಕಿಲೋಮೀಟರ್. 210ನ್ನು 1.9ರಿಂದ ಭಾಗಿಸಿ 360ರಿಂದ ಗುಣಿಸಿ: ಭೂಮಿಯ ಸುತ್ತಳತೆ 40 ಸಾವಿರ ಕಿಲೋಮೀಟರಿನ ಆಸುಪಾಸು.

● ಗೇಜಿನ 0.2 ಡಿಗ್ರಿಯ ಅನುಮಾನದಿಂದ ಈ ಲೆಕ್ಕದಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಹೆಚ್ಚುಕಡಿಮೆ ಆಗಬಹುದು. ದೆಹಲಿಯಲ್ಲಿರುವ ಕನ್ನಡಿಗರೊಬ್ಬರು ಜತೆಯಾದರೆ ವ್ಯತ್ಯಾಸ 13 ಡಿಗ್ರಿಯನ್ನು ದಾಟುತ್ತದೆ, ತಪ್ಪು ನೂರಕ್ಕೆ ಎರಡು ಮೂರಕ್ಕೆ ಇಳಿಯುತ್ತದೆ. ಹೈಸ್ಕೂಲಿನ ಭಾಗಾಕಾರ, ಗುಣಾಕಾರ ಬಲ್ಲ ಯಾವ ಮಗುವೂ ಈ ಲೆಕ್ಕ ಮಾಡಬಹುದು. ದೀಪಾವಳಿ ಕಳೆದು ಆಕಾಶ ತೊಳೆದಂತಾದ ಮೇಲೆ ಅಟ್ಟದ ಟೆಲಿಸ್ಕೋಪನ್ನು ಕೆಳಗಿಳಿಸಿ, ಊರಿನ ಮಕ್ಕಳನ್ನು ಕರೆಯಿರಿ. ಗೇಜು ಅವರ ಕೈಗೇ ಕೊಡಿ.